ಬರೆ ಜರಿದ ಮೇಲೆ

ಮನೆ ಕಳೆದುಕೊಂಡವರಿಗೆ ಹೇಳಬಾರದ ಮಾತೊಂದಿದೆ: "ಹೋಗಲಿ ಬಿಡಿ, ಜೀವ ಉಳಿಯಿತಲ್ಲ." ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ 2018ರ ಆಗಸ್ಟ್‌ನಲ್ಲಿ ಸುಂಟಿಕೊಪ್ಪದ ಪರಿಹಾರ ಕೇಂದ್ರದಲ್ಲಿ ಚಾಪೆ ಹಾಸಿ ಕೂತಿದ್ದ ನಮ್ಮ ಕಿವಿಗೆ ಅದು ದಿನವಿಡೀ ಬೀಳುತ್ತಿತ್ತು. ಜೀವ ಉಳಿದದ್ದು ನಮಗೂ ಗೊತ್ತಿತ್ತು. ಉಳಿದ ಜೀವವನ್ನು ಇನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದು ಗೊತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು ಹಟ್ಟಿಹೊಳೆಯಿಂದ ಮೇಲಕ್ಕೆ, ಗುಡ್ಡದ ಮಗ್ಗುಲಲ್ಲಿ. ಮಾವನವರು ಕಟ್ಟಿಸಿದ ಹೆಂಚಿನ ಮನೆ, ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಕೆಳಗೆ ಸಣ್ಣ ತೋಟ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತೋಟ ನೋಡಿಕೊಳ್ಳುವುದು ಯಜಮಾನರ ಕೆಲಸ. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ, ಕೆಲಸದವರ ಜೊತೆ ಅರ್ಧ ತಮಿಳು ಅರ್ಧ ಮಲಯಾಳ. ಕೊಡಗಿನ ಕಥೋಲಿಕರಲ್ಲಿ ನಮ್ಮಂಥ ಮನೆಗಳು ಬೇಕಾದಷ್ಟಿವೆ.

ಆ ವರ್ಷ ಜೂನ್‌ನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಜುಲೈಯಲ್ಲೊಮ್ಮೆ ಭೂಮಿ ಸಣ್ಣಗೆ ನಡುಗಿದ್ದೂ ಉಂಟು. ಆಗಸ್ಟ್ 15 ನಮಗೆ ಎರಡು ಹಬ್ಬ, ಒಂದು ಸ್ವಾತಂತ್ರ್ಯ ದಿನ, ಇನ್ನೊಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ. ಪೂಜೆ ಮುಗಿಸಿ ಮನೆಗೆ ಬಂದರೆ ಅಡುಗೆಮನೆಯ ನೆಲದಲ್ಲಿ ಒರತೆ ಎದ್ದಿತ್ತು. ಬಾವಿಯ ನೀರು ಕೆಂಪಾಗಿ ಕಟ್ಟೆಯ ಮಟ್ಟಕ್ಕೆ ಬಂದಿತ್ತು. ಮರುದಿನ ಕಣದ ಉದ್ದಕ್ಕೂ ಬಿರುಕು. ಬೆಳಿಗ್ಗೆ ಬೆರಳು ತೂರುವಷ್ಟಿದ್ದದ್ದು ಮಧ್ಯಾಹ್ನಕ್ಕೆ ಕೈ ತೂರುವಷ್ಟಾಯಿತು. ಕರೆಂಟಿಲ್ಲ, ಫೋನಿಲ್ಲ. ಯಜಮಾನರು ಬಿರುಕಿನ ಹತ್ತಿರ ಸ್ವಲ್ಪ ಹೊತ್ತು ನಿಂತು, "ಇನ್ನು ಇಲ್ಲಿರುವುದು ಬೇಡ" ಎಂದರು. ಅತ್ತೆಯನ್ನು ನಾವು ಮಾಂಯ್ ಎನ್ನುವುದು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತೋಟದ ಕೆಲಸದವರ ಲೈನ್ ಮನೆಯ ಹುಡುಗರು ಹೊತ್ತುಕೊಂಡು ನಡೆದರು. ದನಗಳ ಹಗ್ಗ ಬಿಚ್ಚಿ ಬಿಟ್ಟೆವು. 17ರ ಬೆಳಿಗ್ಗೆ ಎದುರು ಗುಡ್ಡದ ಮನೆಯ ಜಗಲಿಯಲ್ಲಿ ನಿಂತಿದ್ದಾಗ ನಮ್ಮ ಗುಡ್ಡದ ಬರೆ ಜರಿಯಿತು. ಮರಗಳು ಉರುಳಲಿಲ್ಲ, ನಿಂತ ನಿಲುವಿನಲ್ಲೇ ಕೆಳಕ್ಕೆ ಸರಿದವು. ಹೆಂಚಿನ ಮಾಡು ಅವುಗಳ ಜೊತೆ ಸ್ವಲ್ಪ ದೂರ ಬಂತು. ಆಮೇಲೆ ಕಾಣಲಿಲ್ಲ.

ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲ. ಅದುವರೆಗೆ ಜಿಲ್ಲೆಯ ಆಚೆ ಯಾರೂ ಕೇಳಿರದ ಊರುಗಳ ಹೆಸರು ಆ ವಾರ ಟಿವಿಯಲ್ಲಿ ಓಡಿತು. ರಸ್ತೆ ತೆರೆದ ಮೇಲೆ ಹೋಗಿ ನೋಡಿದೆವು. ಮನೆ ಇರಲಿಕ್ಕಿಲ್ಲ ಎಂದು ಗೊತ್ತಿದ್ದೇ ಹೋದದ್ದು, ಮನೆಯಿದ್ದ ಜಾಗವೇ ಇರಲಿಕ್ಕಿಲ್ಲ ಎಂದು ಎಣಿಸಿರಲಿಲ್ಲ. ಕೆಳಗೆ ಹೊಳೆಯ ಹತ್ತಿರ ಕಬ್ಬಿಣದ ಬೀರುವಿನ ಒಂದು ಬಾಗಿಲು ಮಣ್ಣಿನಿಂದ ಅರ್ಧ ಹೊರಗೆ ಬಂದಿತ್ತು. ಅದರ ಒಳಬದಿಯಲ್ಲಿ ನಾನು ಅಂಟಿಸಿದ್ದ ಹಾಲಿನ ಲೆಕ್ಕದ ಚೀಟಿ ಹಾಗೇ ಇತ್ತು, ಆಗಸ್ಟ್ 14ರವರೆಗೆ ಗೀಟು ಹಾಕಿದ್ದು. ಪ್ರತಿ ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಮಾಡುತ್ತಿದ್ದ ಆಲ್ತಾರ್, ಅದರ ಮೇಲಿನ ಶಿಲುಬೆ, ಮಾವನವರ ಫೋಟೊ, ಒಂದೂ ಸಿಗಲಿಲ್ಲ.

ಸಾಂತ್ವನದ ವಿಚಾರಕ್ಕೆ ಬರುತ್ತೇನೆ. ಕೇಂದ್ರದಲ್ಲಿ ಕೊಡವರು, ಗೌಡರು, ಮಾಪಿಳ್ಳೆಗಳು, ನಾವು, ತೋಟದ ಲೈನಿನವರು ಎಲ್ಲರೂ ಒಟ್ಟಿಗೇ ಇದ್ದೆವು. ಒಂದು ಸಂಜೆ ಪ್ರಾರ್ಥನೆ ಮಾಡಿಸುತ್ತೇವೆ ಎಂದು ಹೊರಗಿನವರು ಒಬ್ಬರು ಬಂದರು. ನಮ್ಮ ಧರ್ಮಕೇಂದ್ರದವರಲ್ಲ. ಅವರು ಆರಿಸಿಕೊಂಡದ್ದು ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯದ ಕೊನೆ. ಬುದ್ಧಿವಂತ ಬಂಡೆಯ ಮೇಲೆ ಮನೆ ಕಟ್ಟಿದ, ಬುದ್ಧಿಗೇಡಿ ಮರಳ ಮೇಲೆ ಕಟ್ಟಿದ ಎಂಬ ಸಾಮತಿ. ಮನೆ ಬಿದ್ದವರ ಮುಂದೆ ಮನೆ ಬೀಳುವ ಕಥೆ! ನಮ್ಮ ನಂಬಿಕೆಯ ಬುಡ ಗಟ್ಟಿಯಿತ್ತೇ ಎಂದು ಪರೀಕ್ಷಿಸಿಕೊಳ್ಳಬೇಕಂತೆ. ನಮ್ಮ ಮನೆಯ ಪಂಚಾಂಗ ಸೈಜುಗಲ್ಲಿನದು, ಗೋಡೆಗೆ ಒಂದು ಕೂದಲೆಳೆಯ ಬಿರುಕೂ ಬಿದ್ದಿರಲಿಲ್ಲ. ಪಂಚಾಂಗ ಹೊತ್ತಿದ್ದ ಗುಡ್ಡವೇ ಹೊರಟುಹೋದರೆ ಮೇಸ್ತ್ರಿ ಏನು ಮಾಡಿಯಾನು?

ರಾತ್ರಿ ನಿದ್ದೆ ಬರಲಿಲ್ಲ. ಪಾಠ ಹೇಳಿದವಳ ಚಾಳಿ, ಆ ಭಾಗವನ್ನು ಮನಸ್ಸಿನಲ್ಲೇ ಮತ್ತೆ ಓದಿದೆ. ಅವರು ಓದಿಯೂ ಗಮನಿಸದ ಒಂದು ಸಂಗತಿ ಅಲ್ಲಿದೆ. ಎರಡು ಮನೆಗಳಿಗೂ ಬಂದದ್ದು ಅದೇ ಮಳೆ, ಅದೇ ಪ್ರವಾಹ, ಅದೇ ಗಾಳಿ. ಬಂಡೆಯ ಮೇಲೆ ಕಟ್ಟಿದವನಿಗೆ ಮಳೆ ಬಾರದು ಎಂದು ಯೇಸುಸ್ವಾಮಿ ಎಲ್ಲಿಯೂ ಹೇಳಲಿಲ್ಲ. ಬಂಡೆ ಎಂದದ್ದು ತಮ್ಮ ಮಾತನ್ನು ಕೇಳಿ ನಡೆಯುವುದನ್ನು. ಅದನ್ನು ಸರ್ವೆ ನಂಬರಿನ ಮೇಲೆ ಹುಡುಕಬಾರದು. ಇನ್ನೊಂದು ಕಡೆ, ಲೂಕನ ಹದಿಮೂರನೆಯ ಅಧ್ಯಾಯದಲ್ಲಿ, ಅವರೇ ನೇರವಾಗಿ ಉತ್ತರ ಕೊಟ್ಟಿದ್ದಾರೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಅವರೇ ಕೇಳಿ, ಖಂಡಿತ ಇಲ್ಲ ಎಂದರು. ಜೊತೆಗೆ, ಕೇಳುತ್ತ ನಿಂತವರೆಲ್ಲ ತಮ್ಮ ದಾರಿ ತಿದ್ದಿಕೊಳ್ಳಬೇಕು ಎಂದೂ ಎಚ್ಚರಿಸಿದರು. ಭೂವಿಜ್ಞಾನದ ಇಲಾಖೆಯವರು ನಮ್ಮ ಗುಡ್ಡಗಳನ್ನು ನೋಡಿ ಹೋದ ಮೇಲೆ, ಅತಿಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದೂ ಕಾರಣವೆಂದು ಹೇಳಿದಾಗ ನನಗೆ ನೆನಪಾದದ್ದು ಆ ಎಚ್ಚರಿಕೆಯೇ. ದೇವರು ಶಿಕ್ಷಿಸಿದನೆಂದು ಬಡವರ ಮನೆಯತ್ತ ಬೆರಳು ತೋರಿಸುವುದು ಸುಲಭ. ಗುಡ್ಡದ ನೆತ್ತಿ ಕಡಿಯಲು ಬರುವ ಜೆಸಿಬಿಯನ್ನು ತಡೆಯುವುದು ಕಷ್ಟ. ಪಶ್ಚಾತ್ತಾಪ ಎಂದರೆ ಆ ಕಷ್ಟದ್ದು.

ನಿಜವಾದ ಸಮಾಧಾನ ಬೇರೆ ಕಡೆಯಿಂದ ಬಂತು. ಮಾಂಯ್ ಮೊದಮೊದಲು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಪ್ರಾರ್ಥನೆಗೆ ಕೂರಿಸಿದರೆ ತುಟಿ ಅಲ್ಲಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೊಂಕಣಿಯಲ್ಲಿ ದೇವರನ್ನು ಬೈಯಲು ಶುರುಮಾಡಿದರು. ಎಷ್ಟು ಮೊಂಬತ್ತಿ ಹಚ್ಚಿದೆ, ಎಷ್ಟು ತೇರ್ಸ್ ಹೇಳಿದೆ, ಒಂದು ಮನೆ ಕಾಯಲಿಕ್ಕಾಗಲಿಲ್ಲವೇ ನಿನಗೆ! ಯಜಮಾನರು, "ಮಾಂಯ್, ಹಾಗನ್ನಬಾರದು" ಎನ್ನುವಷ್ಟರಲ್ಲಿ, ಅಲ್ಲೇ ಇದ್ದ ನಮ್ಮ ಫಾದರ್ ತಡೆದರು. "ಹೇಳಲಿ ಬಿಡಿ. ಕೀರ್ತನೆಗಳಲ್ಲಿ ಇದಕ್ಕಿಂತ ಜೋರಾಗಿ ಹೇಳಿದ್ದಾರೆ" ಎಂದರು.

ಅವರು ಹೇಳಿದ್ದು ನಿಜ. ನೂರೈವತ್ತು ಕೀರ್ತನೆಗಳಲ್ಲಿ ಸ್ತುತಿಯಷ್ಟೇ ದೂರೂ ಇದೆ. ನಾವು ಭಾನುವಾರ ಹಾಡುವುದಕ್ಕೆ ಚಂದದವನ್ನು ಆರಿಸಿಕೊಳ್ಳುತ್ತೇವೆ, ಅಷ್ಟೇ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಭರವಸೆಯ ಸಾಲೂ ಇಲ್ಲ. ಅದನ್ನು ಶ್ರೀಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಪ್ರಲಾಪ ಎಂಬ ಇಡೀ ಗ್ರಂಥವೇ ಹಾಳಾದ ಊರಿನ ಅಳು. ನನಗೆ ಅಲ್ಲಿ ಉಸಿರು ಬಂತು. ಅಳುವುದು, ಜಗಳವಾಡುವುದು ನಂಬಿಕೆ ತಪ್ಪಿದವರ ಲಕ್ಷಣವೆಂದು ನಮಗೆ ಎಲ್ಲಿಂದಲೋ ಕಲಿಸಿಬಿಟ್ಟಿದ್ದಾರೆ. ದೇವರಿಲ್ಲ ಎಂದುಕೊಂಡವರು ಯಾರ ಹತ್ತಿರ ಜಗಳಕ್ಕೆ ಹೋಗುತ್ತಾರೆ? ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಬಾಯಿಬಿಡದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿಬಿಟ್ಟು ಕೆಡಿಸಿದರು.

ಬೈದು ಮುಗಿಸಿದ ಮೇಲೆ ಮಾಂಯ್ ಪ್ರಾರ್ಥನೆ ಪುಸ್ತಕ ಕೇಳಿದರು. ಪುಸ್ತಕ ಸಿಕ್ಕಿತು, ಓದಲು ಕನ್ನಡಕ ಇಲ್ಲ. ಅದು ಕಿಟಕಿಯ ಮೇಲೆ ಉಳಿದು ಮಣ್ಣಿನಡಿ ಹೋಗಿತ್ತು. ಕೇಂದ್ರದ ಹೊರಗೆ ಹಳೆಬಟ್ಟೆಯ ರಾಶಿ ಆಳೆತ್ತರ ಬಿದ್ದಿತ್ತು, ಬೆಂಗಳೂರಿನಿಂದ, ಮೈಸೂರಿನಿಂದ ಲಾರಿಗಟ್ಟಲೆ ಬಂದದ್ದು, ಅದರಲ್ಲಿ ಜರಿಸೀರೆ, ಮಕ್ಕಳ ಕೋಟು, ಹರಿದ ಪ್ಯಾಂಟು ಎಲ್ಲವೂ ಇತ್ತು. ಕನ್ನಡಕ ಮಾತ್ರ ಯಾರಿಗೂ ತೋಚಿರಲಿಲ್ಲ. ತೋಚಿದ್ದು ಸುಂಟಿಕೊಪ್ಪದ ಒಬ್ಬ ಮಾಪಿಳ್ಳೆ ಹೆಂಗಸಿಗೆ. ದಿನಾ ಚಹಾ ತರುತ್ತಿದ್ದವರು, ಒಂದು ದಿನ ಚಹಾದ ಜೊತೆಗೆ ಬೇರೆ ಬೇರೆ ನಂಬರಿನ ಓದುವ ಕನ್ನಡಕಗಳನ್ನು ಚೀಲದಲ್ಲಿ ತಂದು, ಮುದುಕ ಮುದುಕಿಯರಿಗೆಲ್ಲ ಹಾಕಿ ನೋಡಿಸಿ, ಸರಿಹೊಂದಿದ್ದನ್ನು ಕೊಟ್ಟರು. "ಅಜ್ಜಿ, ಓದಿ ನೋಡಿ, ಅಕ್ಷರ ಕಾಣ್ತದಾ?" ಎಂದು ಪುಸ್ತಕ ಹಿಡಿದು ಪಕ್ಕದಲ್ಲೇ ಕೂತರು. ಅವತ್ತು ಸಂಜೆ ಮಾಂಯ್ ತಾವೇ ತೇರ್ಸ್ ನಡೆಸಿದರು.

ಇನ್ನೊಂದು ಸಹಾಯ ಫಾದರ್ ಅವರ ಕಪಾಟಿನಿಂದ ಬಂತು. ಆಧಾರ್ ಕಾರ್ಡಿನ ನಕಲನ್ನು ಕೇಂದ್ರದಲ್ಲೇ ಮಾಡಿಕೊಟ್ಟರು, ಪಹಣಿ ಕಚೇರಿಯಲ್ಲಿ ಸಿಕ್ಕಿತು. ಆದರೆ ಹುಟ್ಟಿದ ದಿನ, ಮದುವೆ, ಯಾರು ಯಾರ ಮಗ ಎಂಬುದಕ್ಕೆಲ್ಲ ಕಾಗದ ಬೇಕಲ್ಲ? ಅವರು ಜ್ಞಾನಸ್ನಾನದ ಹಳೆಯ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹರಡಿ, ಒಬ್ಬೊಬ್ಬರ ಹೆಸರು ಹುಡುಕಿ, ಮೊಹರು ಒತ್ತಿ ಕೊಟ್ಟರು. ಮಾಂಯ್ ಹೆಸರಿನ ಪುಟ ಹಳದಿಯಾಗಿ, ಅಂಚು ಹುಳ ತಿಂದಿತ್ತು, ಶಾಯಿ ಮಾತ್ರ ಅಳಿಸಿರಲಿಲ್ಲ. ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ, ನೀರು ಹಾಕಿದ ಗುರುಗಳ ಸಹಿ. ಅಳಿಯದೆ ಬರೆದಿಟ್ಟ ಹೆಸರು ಎಂದು ಪ್ರಸಂಗಗಳಲ್ಲಿ ಕೇಳುತ್ತಲೇ ಬೆಳೆದವಳು ನಾನು. ಅದರ ಅರ್ಥ ಕಂಡದ್ದು ಆ ಮೇಜಿನ ಮುಂದೆ ಸಾಲಿನಲ್ಲಿ ನಿಂತಾಗ.

ಕೇಂದ್ರ ಮುಚ್ಚಿದ ಮೇಲೆ ಬಾಡಿಗೆ ಮನೆ. ಸರ್ಕಾರ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಹಣ ಘೋಷಿಸಿತ್ತು. ಹೊಸ ಮನೆಗಳು ಯಾವಾಗ ಸಿಗುತ್ತವೆ ಎಂದು ಕೇಳಿದಾಗಲೆಲ್ಲ, ಬಂದ ದೊಡ್ಡವರೊಬ್ಬೊಬ್ಬರೂ ಒಂದೊಂದು ತಿಂಗಳ ಹೆಸರು ಹೇಳಿ ಹೋಗುತ್ತಿದ್ದರು. ನೆಂಟರ ಮನೆಯ ಕ್ಯಾಲೆಂಡರಿನಲ್ಲಿ ಪ್ರವಾದಿ ಯೆರೆಮೀಯನ ಒಂದು ವಾಕ್ಯ ಅಚ್ಚಾಗಿತ್ತು, ನಿಮ್ಮ ವಿಷಯದಲ್ಲಿ ನನ್ನ ಉದ್ದೇಶ ಒಳ್ಳೆಯದು, ಕೇಡಿನದಲ್ಲ ಎಂಬ ಅರ್ಥದ್ದು. ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಾಕ್ಯ. ಸೂರ್ಯಾಸ್ತದ ಚಿತ್ರದ ಮೇಲೆ ಅದನ್ನು ನೋಡದ ಕ್ರೈಸ್ತರಿಲ್ಲ. ಆ ಬಾಡಿಗೆ ಮನೆಯಲ್ಲಿ ಕೂತು ಅದರ ಹಿಂದುಮುಂದು ಓದಿದೆ. ಇಷ್ಟು ವರ್ಷ ಅದನ್ನು ಒಂಟಿಯಾಗಿ ಗೋಡೆಗೆ ತೂಗುಹಾಕುತ್ತ ಬಂದದ್ದು ಅನ್ಯಾಯವೆನ್ನಿಸಿತು.

ಅದು ಮನೆಮಠ ಕಳೆದುಕೊಂಡು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರ. ಅದಕ್ಕೆ ಮುಂಚಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ, ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತೀರಿ ಎಂದು ಸಾರುತ್ತಾನೆ. ಜನರಿಗೆ ಬೇಕಾದದ್ದೂ ಅದೇ. ಯೆರೆಮೀಯ ಅವನನ್ನು ಸುಳ್ಳುಗಾರ ಎಂದು ಕರೆದು, ಆಗುವುದು ಎಪ್ಪತ್ತು ವರ್ಷ ಎಂದು ಬರೆಯುತ್ತಾನೆ. ಅಲ್ಲಿಯವರೆಗೆ ಏನು ಮಾಡಬೇಕು? ಇರುವಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳ ಮದುವೆ ಮಾಡಿ, ಬಂದು ಬಿದ್ದ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎನ್ನುತ್ತಾನೆ. ಆಮೇಲೆ ಬರುತ್ತದೆ ಕ್ಯಾಲೆಂಡರಿನ ವಾಕ್ಯ. ಎಪ್ಪತ್ತು ವರ್ಷವೆಂದರೆ ಪತ್ರ ಓದಿದ ಮುದುಕರಾರೂ ತಿರುಗಿ ಊರು ಕಾಣುವುದಿಲ್ಲ. ಆದರೂ ಇದು ಶುಭವಾರ್ತೆ. ಕಳೆದದ್ದು ನಾಳೆಯೇ ಸಿಗುತ್ತದೆ ಎಂದು ನಂಬಿ ಕೂತಿದ್ದರೆ ನಾನು ಪ್ರತಿ ತಿಂಗಳೂ ಹೊಸದಾಗಿ ಮುರಿದುಹೋಗುತ್ತಿದ್ದೆ. ಈ ಪತ್ರ ಓದಿದ ಮರುದಿನ ಬಾಡಿಗೆ ಮನೆಯ ಹಿತ್ತಿಲಲ್ಲಿ ಬಸಳೆ ದಂಟು ಊರಿದೆ. ಯಜಮಾನರು, "ಯಾರ ಜಾಗದಲ್ಲೋ ಯಾಕೆ?" ಎಂದರು. ತಿನ್ನುವವರು ನಾವು ಅಲ್ಲದಿದ್ದರೆ ಆಮೇಲೆ ಬರುವವರು ಎಂದೆ.

ನಮ್ಮವರ ಹಳೆಯ ಕಥೆಗೂ ಆಗ ಹೊಸ ಬೆಳಕು ಬಿತ್ತು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಆಳ್ವಿಕೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಚರಿತ್ರೆ. ಕೊಡವರೂ ಆ ಕಾಲದಲ್ಲಿ ಅದೇ ಸೆರೆ ಕಂಡವರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿಯ ಸಂತ ಅನ್ನಮ್ಮನವರ ದೇವಾಲಯ 1792ರದು. ಈ ಕಥೆಯನ್ನು ನಾವು ದೂರು ಹೇಳಲು ಬಳಸುವುದೇ ಹೆಚ್ಚು, ನನಗೆ ಅದು ಸರಿ ಕಾಣುವುದಿಲ್ಲ. ನಾನು ಅದರಲ್ಲಿ ಈಗ ಕಾಣುವುದು ಬೇರೆ: ಬೇರೆ ಧರ್ಮದ ಒಬ್ಬ ಅರಸ ಮನೆಯಿಲ್ಲದವರಿಗೆ ಜಾಗ ಕೊಟ್ಟ, ಅವರು ಆ ಜಾಗದಲ್ಲಿ ಚರ್ಚ್ ಕಟ್ಟಿದರು, ಗದ್ದೆ ಮಾಡಿದರು, ಕರಾವಳಿಯ ಭಾಷೆಯನ್ನು ಬೆಟ್ಟದ ಮೇಲೆ ಉಳಿಸಿಕೊಂಡರು. ನಮ್ಮದು ಮೊದಲಿನಿಂದಲೂ ಒಮ್ಮೆ ಮನೆ ಕಳೆದುಕೊಂಡವರ ಕುಲ. ಹಟ್ಟಿಹೊಳೆಯ ಮನೆ ನಡುವಿನ ಒಂದು ತಂಗುದಾಣ.

ಮಾದಾಪುರದ ಹತ್ತಿರ ಜಂಬೂರಿನಲ್ಲಿ ಸರ್ಕಾರ ಕಟ್ಟಿಸಿದ ಮನೆಗಳನ್ನು 2020ರ ಜೂನ್‌ನಲ್ಲಿ ಹಂಚಿದರು. ನಮ್ಮ ಪಾಲಿಗೂ ಒಂದು ಬಂತು. ಎರಡು ಮಲಗುವ ಕೋಣೆ, ಒಂದು ಹಾಲ್, ಸಾಲಿನಲ್ಲಿ ಒಂದರಂತೆ ಒಂದು. ತೋಟದ ನಡುವಿನ ಒಂಟಿ ಮನೆಯಲ್ಲಿ ಬಾಳಿದವರಿಗೆ ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳುವುದೇ ಒಂದು ಅಭ್ಯಾಸ. ಕೊರೊನಾ ಕಾಲವಾದ್ದರಿಂದ ಮನೆ ಆಶೀರ್ವಾದಕ್ಕೆ ಯಾರನ್ನೂ ಕರೆಯುವಂತಿರಲಿಲ್ಲ. ಫಾದರ್ ತಿಂಗಳುಗಳ ನಂತರ ಒಬ್ಬರೇ ಬಂದು ತೀರ್ಥ ಚಿಮುಕಿಸಿ ಹೋದರು. ಆಲ್ತಾರ್ ಮಾಡಲು ಯಜಮಾನರು ಗೋಡೆಗೆ ಒಂದು ಹಲಗೆ ಹೊಡೆದರು. ಹೊಸ ಶಿಲುಬೆ ತಂದೆವು. ಹಳೆಯದರ ನೆನಪಿಗೆ ಏನಾದರೂ ಇಡೋಣವೆಂದರೆ ಆ ಹಾಲಿನ ಚೀಟಿ ಬಿಟ್ಟು ಇನ್ನೇನೂ ಇರಲಿಲ್ಲ. ಅದನ್ನು ಇಡಲಿಕ್ಕೆ ಮಾಂಯ್ ಒಪ್ಪಲಿಲ್ಲ.

ಭರವಸೆ ಎಂಬುದು ಗಾಯ ಮಾಯುವುದಲ್ಲವೆಂದು ನಾನು ತಿಳಿದದ್ದು ಪಾಸ್ಖದ ನಂತರದ ಭಾನುವಾರದ ಶುಭಸಂದೇಶದಿಂದ. ಪುನರುತ್ಥಾನರಾದ ಯೇಸು ಶಿಷ್ಯರ ನಡುವೆ ಬಂದಾಗ ಅವರ ಮೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಸಂತ ತೋಮರು ಗುರುತಿಸಿದ್ದೂ ಅದರಿಂದಲೇ. ಮರಣವನ್ನು ಗೆದ್ದ ದೇವರಿಗೆ ಒಂದು ಗಾಯದ ಕಲೆ ಅಳಿಸಲು ಆಗುತ್ತಿರಲಿಲ್ಲವೇ? ಅಳಿಸಲಿಲ್ಲ. ಹಾಗಾಗಿ ನಮ್ಮ ಗುಡ್ಡದ ಕೆಂಪು ಸೀಳು ಬಸ್ಸಿನಿಂದ ಕಂಡಾಗ ನಾನು ಮುಖ ತಿರುಗಿಸುವುದನ್ನು ಬಿಟ್ಟಿದ್ದೇನೆ. ಅಲ್ಲಿ ಈಗ ಹುಲ್ಲು, ಕುರುಚಲು ಗಿಡ ಬಂದಿವೆ. ಕಾಫಿ ಬರುವುದಿಲ್ಲ, ಮೇಲ್ಮಣ್ಣೇ ಹೋಗಿದೆ. ಸಂಜೆಯ ತೇರ್ಸ್ ಮುಗಿದ ಮೇಲೆ, ಹೊಸ ಮನೆಗೆ ಒಂದು ಕೃತಜ್ಞತೆ, ಹಳೆಯ ಮನೆಗೆ ಒಂದು ಪ್ರಾರ್ಥನೆ, ಎರಡನ್ನೂ ಹೇಳುತ್ತೇವೆ. ಸತ್ತವರಿಗಾಗಿ ಪ್ರಾರ್ಥಿಸುವುದಾದರೆ ಮನೆಗೆ ಯಾಕಾಗಬಾರದು ಎಂದು ಮಾಂಯ್ ವಾದ. ದೈವಶಾಸ್ತ್ರ ಓದಿದವರು ಏನನ್ನುತ್ತಾರೋ, ನಾನು ಕೇಳಲು ಹೋಗಿಲ್ಲ.

ಮಳೆಗಾಲದ ಹೆದರಿಕೆ ಹೋಗಿಲ್ಲ, ಅದನ್ನೂ ಹೇಳಬೇಕು. 2019ರಲ್ಲಿ ತೋರದ ಗುಡ್ಡ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದವು. ಆಗಸ್ಟ್ ಬಂದರೆ ರಾತ್ರಿ ಎದ್ದು ಟಾರ್ಚ್ ಹಿಡಿದು ನೆಲ ನೋಡುವ ಅಭ್ಯಾಸ ಕಾಲೋನಿಯ ಹಲವರಿಗಿದೆ, ನನಗೂ ಇದೆ. ನಂಬಿಕೆಯಿದ್ದರೆ ಭಯವಿರಬಾರದು ಎಂದವರಿಗೆ ಯೇಸುವೇ ಕಳವಳಪಟ್ಟ ಗೆತ್ಸೆಮನಿ ತೋಟವನ್ನು ನೆನಪಿಸುತ್ತೇನೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದಾಗ ನಮ್ಮ ಕಾಲೋನಿಯಲ್ಲಿ ಯಾರೂ ಟಿವಿ ನೋಡಲಾರದೆ ಹೋದರು. ಸಂಜೆ ಹೆಂಗಸರೆಲ್ಲ ಸೇರಿ ಏನು ಕಳಿಸುವುದೆಂದು ಮಾತಾಡಿದೆವು. ಒಬ್ಬರೂ ಹಳೆಬಟ್ಟೆ ಎನ್ನಲಿಲ್ಲ. ಓದುವ ಕನ್ನಡಕ, ಹೊಸ ಒಳಉಡುಪು, ಪ್ಯಾಡು, ಬಿಪಿ ಸಕ್ಕರೆ ಮಾತ್ರೆಗಳಿಗಾಗಿ ಹಣ, ಫೋನಿನ ಚಾರ್ಜರು ಎಂದು ಪಟ್ಟಿ ತಾನಾಗಿ ಬೆಳೆಯಿತು.

ಇದನ್ನು ಓದುವ ಧರ್ಮಕೇಂದ್ರದವರಲ್ಲಿ, ಯಾವ ಸಭೆಯವರೇ ಆಗಲಿ, ನನ್ನದೊಂದು ಬೇಡಿಕೆ. ನಿಮ್ಮ ಹಳೆಯ ರಿಜಿಸ್ಟರುಗಳ ಪ್ರತಿ ಪುಟದ ಫೋಟೊ ತೆಗೆದು ಬೇರೆ ಊರಿನಲ್ಲೂ ಒಂದು ಪ್ರತಿ ಇಡಿ. ಚರ್ಚ್ ಹಾಲಿನ ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ ಎಂಬುದು ಊರಿನ ಎಲ್ಲ ಜಾತಿಧರ್ಮದವರಿಗೂ ಗೊತ್ತಿರಲಿ. ಮನೆ ಕಳೆದುಕೊಂಡವರನ್ನು ನೋಡಲು ಹೋದಾಗ ಮೊದಲ ದಿನ ಪ್ರಸಂಗ ಮಾಡಬೇಡಿ, ಪಕ್ಕದಲ್ಲಿ ಕೂತು ಏನು ಬೇಕೆಂದು ಕೇಳಿ, ಅದನ್ನೇ ತಂದುಕೊಡಿ.